ಪೊಟ್ಯಾಸಿಯಂ ಏರಿದರೆ ಹೃದಯ ನಿಧಾನ ಆಗೋದು ಯಾಕೆ? ಲೆಕ್ಕದ ಪ್ರಕಾರ ಜೋರಾಗಬೇಕಲ್ಲ?

ಕಡೇ_ಬೆಂಚು:
ಎಲ್ಲರಿಗೂ ನಮಸ್ಕಾರ. ಶರೀರಕ್ರಿಯಾಶಾಸ್ತ್ರ ಎರಡನೇ ವರ್ಷ ಓದ್ತಿದ್ದೀನಿ. ಈಚೆಗೆ ಅಪ್ಪನಿಗೆ ತಲೆಸುತ್ತು ಬಂತು ಅಂತ ತುರ್ತು ವಿಭಾಗಕ್ಕೆ ಕರ್ಕೊಂಡು ಹೋದಾಗ ನಾಡಿ 36 ಇತ್ತು, ರಕ್ತದಲ್ಲಿ ಪೊಟ್ಯಾಸಿಯಂ 6.4. "ಪೊಟ್ಯಾಸಿಯಂ ಜಾಸ್ತಿಯಾಗಿ ಹೃದಯ ನಿಧಾನ ಆಗಿದೆ" ಅಂದ್ರು. ಚಿಕಿತ್ಸೆ ಕೊಟ್ಟರು, ಈಗ ಮನೇಲಿ ಚೆನ್ನಾಗಿದ್ದಾರೆ.

ತಲೆ ಕೆಟ್ಟಿರೋದು ನನಗೆ. ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4. ನರ್ನ್‌ಸ್ಟ್ ಸಮೀಕರಣಕ್ಕೆ (ಒಳಗಿನ, ಹೊರಗಿನ ಸಾಂದ್ರತೆಯಿಂದ ಕೋಶದ ವೋಲ್ಟೇಜ್ ಹೇಳೋದು) ಹಾಕಿದ್ರೆ ಮೈನಸ್ 95 ಮಿಲಿವೋಲ್ಟ್ ಬರುತ್ತೆ. ಹೊರಗಿನದ್ದು 7 ಆದ್ರೆ ಮೈನಸ್ 80. ಅಂದ್ರೆ ಕೋಶ ಹೊಸ್ತಿಲಿಗೆ (ಬಡಿತ ಹೊರಡೋ ವೋಲ್ಟೇಜಿಗೆ) 15 ಮಿಲಿವೋಲ್ಟ್ ಹತ್ತಿರ ಬಂತು. ಹತ್ತಿರ ಬಂದದ್ದು ಬೇಗ ದಾಟಬೇಕು, ಬಡಿತ ಜೋರಾಗಬೇಕು. ಅಪ್ಪನಿಗೆ ಆದದ್ದು ತದ್ವಿರುದ್ಧ. ಎಲ್ಲಿ ತಪ್ಪಿದೆ?

ಪಾಠದ_ಮೇಷ್ಟ್ರು:
ಪ್ರತಿ ವರ್ಷ ಯಾರಾದರೊಬ್ಬರು ಕೇಳಲೇಬೇಕಾದ ಪ್ರಶ್ನೆ. ಕೇಳದ ಬ್ಯಾಚಿನ ಬಗ್ಗೆ ನನಗೆ ಅನುಮಾನ!

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ಸ್ನಾಯುಕೋಶದ ಲೆಕ್ಕ, ಗತಿ ಹಾಕಿಕೊಡುವ ಕೋಶದ್ದಲ್ಲ. ಗತಿ ಹುಟ್ಟುವುದು ಬಲ ಹೃತ್ಕರ್ಣದಲ್ಲಿ (ಮೇಲ್ಕೋಣೆಯಲ್ಲಿ), ಮೇಲಿನ ಮಹಾಸಿರೆ ಬಂದು ಸೇರುವಲ್ಲಿರುವ ಸೈನಸ್ ನೋಡ್‌ನಲ್ಲಿ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ವಿವರಿಸಿದ ಪುಟ್ಟ ಗಂಟು ಅದು.

ಹೃತ್ಕುಕ್ಷಿಯ ಕೋಶ ಎರಡು ಬಡಿತಗಳ ನಡುವೆ ಮೈನಸ್ 90ರ ಹತ್ತಿರ ತೆಪ್ಪಗೆ ಕೂತಿರುತ್ತದೆ. ಹಾಗೆ ಕೂರಿಸಿ ಹಿಡಿದಿಡುವುದು ಐಕೆ1 ಎಂಬ ಪೊಟ್ಯಾಸಿಯಂ ಪ್ರವಾಹ. ನೋಡ್‌ನ ಕೋಶದಲ್ಲಿ ಈ ಐಕೆ1 ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದಕ್ಕೆ ವಿಶ್ರಾಂತಿ ಎನ್ನುವ ಸ್ಥಿತಿಯೇ ಇಲ್ಲ. ಮೈನಸ್ 60ರ ಆಸುಪಾಸಿಗೆ ಇಳಿಯುತ್ತದೆ, ಇಳಿದಲ್ಲಿಂದಲೇ ಮೆಲ್ಲಗೆ ಏರಲು ಶುರುಮಾಡುತ್ತದೆ, ಮೈನಸ್ 40ರ ಸುಮಾರಿಗೆ ಹೊಸ್ತಿಲು ದಾಟಿ ಒಂದು ಬಡಿತ ಕೊಡುತ್ತದೆ. ಈ ಏರಿಕೆ ಎಷ್ಟು ಕಡಿದಾಗಿದೆ ಅನ್ನುವುದರ ಮೇಲೆ ನಿಮ್ಮ ನಾಡಿ ನಿಂತಿದೆ.

ಏರಿಸುವವರು ಒಬ್ಬರಲ್ಲ. ಕೋಶ ಮೈನಸ್ ಕಡೆಗೆ ಇಳಿದಾಗ ತೆರೆದುಕೊಳ್ಳುವ ಎಚ್‌ಸಿಎನ್4 ಚಾನೆಲ್‌ಗಳ ಮೂಲಕ ಮುಖ್ಯವಾಗಿ ಸೋಡಿಯಂ ಒಳಗೆ ಬರುತ್ತದೆ. ಇದೇ ಫನ್ನಿ ಕರೆಂಟ್. 1979ರಲ್ಲಿ ಹಿಲರಿ ಬ್ರೌನ್, ಡಾರಿಯೊ ಡಿಫ್ರಾಂಚೆಸ್ಕೊ, ಡೆನಿಸ್ ನೋಬಲ್ ಅವರ ತಂಡ ನೋಡ್‌ನಲ್ಲಿ ಕಂಡದ್ದು. ಜೊತೆಗೆ ಕ್ಯಾಲ್ಸಿಯಂ ಚಾನೆಲ್‌ಗಳಿವೆ. ಕೋಶದೊಳಗಿನ ಉಗ್ರಾಣದಿಂದ ಸೋರುವ ಕ್ಯಾಲ್ಸಿಯಂ ಇದೆ. ಹಿಂದಿನ ಬಡಿತ ಮುಗಿಸಿದ ಪೊಟ್ಯಾಸಿಯಂ ಚಾನೆಲ್‌ಗಳು ನಿಧಾನವಾಗಿ ಮುಚ್ಚಿಕೊಳ್ಳುವುದೂ ಇದೆ. ಕೊನೆಯ ಜಿಗಿತಕ್ಕೆ ಬೇಕಾದದ್ದು ಸೋಡಿಯಂ ಅಲ್ಲ, ಕ್ಯಾಲ್ಸಿಯಂ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೆಕ್ಕಾಚಾರ:
ನಾನು ವೈದ್ಯನಲ್ಲ, ಸರ್ಕ್ಯೂಟ್ ಮಾಡೋನು. ನೋಡ್‌ನಲ್ಲಿ ಐಕೆ1 ಇಲ್ಲ ಅಂದ್ರೆ ಹೊರಗಿನ ಪೊಟ್ಯಾಸಿಯಂ ಏರಿದರೂ ಅದಕ್ಕೆ ಏನೂ ಆಗಬಾರದು. ಹಾಗಿದ್ರೆ ನಾಡಿ 36 ಹೇಗಾಯ್ತು? ಮೇಷ್ಟ್ರು ಪ್ರಶ್ನೆಯನ್ನ ಇನ್ನಷ್ಟು ಕಷ್ಟ ಮಾಡಿದ್ರು ಅಷ್ಟೆ.

ಪಾಠದ_ಮೇಷ್ಟ್ರು:
ಮೇಷ್ಟ್ರ ಕೆಲಸವೇ ಅದು.

ಏನೂ ಆಗುವುದಿಲ್ಲ ಎಂದಲ್ಲ, ಆಗುವುದೆಲ್ಲ ಒಂದನ್ನೊಂದು ಎಳೆದಾಡುತ್ತದೆ. ಹೊರಗಿನ ಪೊಟ್ಯಾಸಿಯಂ ಏರಿದರೆ ನೋಡ್ ಇಳಿಯುವ ತಳ ಸ್ವಲ್ಪ ಮೇಲೆ ಬರುತ್ತದೆ, ಇದು ವೇಗದ ಪರ. ತಳ ಮೇಲೆ ಬಂದದ್ದರಿಂದ ಎಚ್‌ಸಿಎನ್ ಚಾನೆಲ್‌ಗಳು ಕಡಿಮೆ ತೆರೆಯುತ್ತವೆ, ಇದು ನಿಧಾನದ ಪರ. ತೆರೆದ ಎಚ್‌ಸಿಎನ್ ಚಾನೆಲ್ ಮಾತ್ರ ಹೊರಗೆ ಪೊಟ್ಯಾಸಿಯಂ ಜಾಸ್ತಿ ಇದ್ದಷ್ಟೂ ಹೆಚ್ಚು ಪ್ರವಾಹ ಬಿಡುತ್ತದೆ, ಮತ್ತೆ ವೇಗದ ಪರ. ಕೋಶವನ್ನು ಕೆಳಗೆ ಎಳೆಯುವ ಐಕೆಆರ್ ಎಂಬ ಪೊಟ್ಯಾಸಿಯಂ ಪ್ರವಾಹವೂ ಹಾಗೆಯೇ ಬಲಗೊಳ್ಳುತ್ತದೆ, ಮತ್ತೆ ನಿಧಾನದ ಪರ. ಕೂಡಿಸಿ ಕಳೆದರೆ ಸಾಮಾನ್ಯವಾಗಿ ನಾವು ನೋಡುವ ಮಟ್ಟಗಳಲ್ಲಿ ನೋಡ್‌ನ ಗತಿ ಅಷ್ಟೇನೂ ಅಲುಗುವುದಿಲ್ಲ. ಮೊಲದ ಹೃದಯದ ಪ್ರಯೋಗಗಳಲ್ಲಿ ಸುತ್ತಲಿನ ಹೃತ್ಕರ್ಣದ ಸ್ನಾಯು ಸಂಕೇತಕ್ಕೆ ಓಗೊಡುವುದನ್ನೇ ಬಿಟ್ಟ ಮೇಲೂ ನೋಡ್ ತನ್ನ ಪಾಡಿಗೆ ಮಿಡಿಯುತ್ತಿರುವುದು ಕಂಡಿದೆ.

ಪೊಟ್ಯಾಸಿಯಂ ಮೊದಲು ಕೆಡಿಸುವುದು ನೋಡ್ ಕೊಟ್ಟ ಸಂಕೇತವನ್ನು ಹೊತ್ತೊಯ್ಯುವವರನ್ನು. ಹೃತ್ಕರ್ಣ, ಹೃತ್ಕುಕ್ಷಿಗಳ ಸ್ನಾಯು ಜಿಗಿಯುವುದು ನೋಡ್‌ನಂತೆ ಕ್ಯಾಲ್ಸಿಯಂನಿಂದಲ್ಲ, ಸೋಡಿಯಂ ಚಾನೆಲ್‌ಗಳಿಂದ. ಆ ಚಾನೆಲ್‌ಗೆ ಎರಡು ಬಾಗಿಲು. ಒಂದು, ಸಂಕೇತ ಬಂದಾಗ ತೆರೆಯುವುದು. ಇನ್ನೊಂದು, ಕೋಶ ಮೇಲೇರಿದರೆ ಮುಚ್ಚಿಕೊಳ್ಳುವುದು. ಕೋಶ ಮತ್ತೆ ಸಾಕಷ್ಟು ಕೆಳಗೆ ಇಳಿದ ಹೊರತು ಈ ಎರಡನೆಯದು ತೆರೆಯುವುದಿಲ್ಲ. ಮೈನಸ್ 90ರಲ್ಲಿ ಬಹುಪಾಲು ಚಾನೆಲ್‌ಗಳು ಕೆಲಸಕ್ಕೆ ತಯಾರಿರುತ್ತವೆ. ಕೋಶ ಮೈನಸ್ 75ರಲ್ಲೇ ನಿಂತುಬಿಟ್ಟರೆ ಸರಿಸುಮಾರು ಅರ್ಧದಷ್ಟು ಚಾನೆಲ್‌ಗಳು ಮುಚ್ಚಿಕೊಂಡೇ ಇರುತ್ತವೆ. ಹೊಸ್ತಿಲು ಹತ್ತಿರ ಬಂತು ನಿಜ, ದಾಟಬೇಕಾದವರೇ ಕಡಿಮೆಯಾದರು.

ಅಂದಹಾಗೆ ಕಡೇ ಬೆಂಚಿನವರ ತರ್ಕ ಪೂರ್ತಿ ವ್ಯರ್ಥವಲ್ಲ. ಪೊಟ್ಯಾಸಿಯಂ ಸ್ವಲ್ಪವೇ ಏರಿದಾಗ ಸ್ನಾಯು ನಿಜವಾಗಿಯೂ ಹೆಚ್ಚು ಚುರುಕಾಗುತ್ತದೆ, ಸಂಕೇತ ತುಸು ವೇಗವಾಗಿ ಸಾಗುತ್ತದೆ. ಇನ್ನೂ ಏರಿದಾಗ ಎರಡನೇ ಬಾಗಿಲಿನ ಕೈ ಮೇಲಾಗುತ್ತದೆ.

ರಾತ್ರಿ_ಪಾಳಿ:
ತೀವ್ರನಿಗಾ ಘಟಕದಲ್ಲಿ ಕೆಲಸ ಮಾಡ್ತೀನಿ. ಮೇಷ್ಟ್ರು ಹೇಳಿದ್ದನ್ನ ಇಸಿಜಿ ಹಾಳೆ ಮೇಲೆ ನೋಡಬಹುದು. ಎಲ್ಲಕ್ಕಿಂತ ಮೊದಲು ಸೋಲೋದು ಹೃತ್ಕರ್ಣದ ಸ್ನಾಯು. ಅದಕ್ಕೇ ಇಸಿಜಿಯಲ್ಲಿ ಪ್ರತಿ ಬಡಿತದ ಮೊದಲ ಸಣ್ಣ ಉಬ್ಬು, ಅಂದ್ರೆ ಪಿ ಅಲೆ, ಚಪ್ಪಟೆ ಆಗ್ತಾ ಆಗ್ತಾ ಮಾಯ ಆಗುತ್ತೆ. ಪಿ ಅಲೆ ಇಲ್ಲ ಅಂದ ತಕ್ಷಣ ಹೊಸಬರು "ಸೈನಸ್ ನೋಡ್ ನಿಂತೋಯ್ತು" ಅಂತ ಬರೆದುಬಿಡ್ತಾರೆ. ಆದರೆ ಪಿ ಅಲೆ ನೋಡ್‌ನದ್ದಲ್ಲ! ನೋಡ್ ಎಷ್ಟು ಚಿಕ್ಕದು ಅಂದ್ರೆ ಅದರ ವಿದ್ಯುತ್ತು ಎದೆ ಮೇಲಿನ ತಂತಿಗೆ ಸಿಗೋದೇ ಇಲ್ಲ. ನಾವು ನೋಡೋದು ಹೃತ್ಕರ್ಣದ ಉತ್ತರ. ಕೂಗಿದವನು ಕೂಗ್ತಾನೇ ಇರಬಹುದು, ಓಗೊಡೋರು ಇಲ್ಲ.

ಇದಕ್ಕೆ ಸೈನೋವೆಂಟ್ರಿಕ್ಯುಲರ್ ಲಯ ಅನ್ನೋ ಹೆಸರೇ ಇದೆ. ನೋಡ್‌ನ ಸಂಕೇತ ಹೃತ್ಕರ್ಣದೊಳಗಿನ ಹೆಚ್ಚು ತಾಳಿಕೆಯ ದಾರಿಗಳ ಮೂಲಕ ಮೇಲ್ಕೋಣೆ ಕೆಳಕೋಣೆ ನಡುವಿನ ಎವಿ ನೋಡ್ ತಲುಪಿ ಕೆಳಗೆ ಇಳಿಯುತ್ತೆ, ಹೃತ್ಕರ್ಣದ ಉಳಿದ ಸ್ನಾಯು ಮಾತ್ರ ತೆಪ್ಪಗಿರುತ್ತೆ ಅಂತ ಅರ್ಥೈಸ್ತಾರೆ. ಮಟ್ಟ ಇನ್ನೂ ಏರಿದ್ರೆ ನೋಡ್‌ನಿಂದ ಸಂಕೇತ ಹೊರಗೇ ಬರದಿರಬಹುದು, ಎವಿ ನೋಡ್‌ನಲ್ಲಿ ತಡೆ ಬರಬಹುದು, ಕ್ಯೂಆರ್‌ಎಸ್ (ಹೃತ್ಕುಕ್ಷಿ ಬಡಿಯೋ ಗುರುತು) ಅಗಲ ಆಗ್ತಾ ಟಿ ಅಲೆ (ಅದು ಚೇತರಿಸ್ಕೊಳ್ಳೋ ಗುರುತು) ಜೊತೆ ಸೇರಿ ಬರೀ ಡೊಂಕು ಡೊಂಕು ಅಲೆ ಆಗಬಹುದು. ಅದಾದ ಮೇಲೆ ಕೈಯಲ್ಲಿ ಹೆಚ್ಚು ಸಮಯ ಇರಲ್ಲ.

ಒಂದು ರಾತ್ರಿಯ ಮಾನಿಟರ್ ಚಿತ್ರ ಹೇಳ್ತೀನಿ. ಕಿಡ್ನಿ ಕೈಕೊಟ್ಟಿದ್ದ ರೋಗಿ, ಬಡಿತ 34. ಪಿ ಅಲೆಯ ಸುಳಿವೇ ಇಲ್ಲ, ಕ್ಯೂಆರ್‌ಎಸ್ ಹಾಳೆ ಮೇಲೆ ಒಂದು ದೊಡ್ಡ ಚೌಕವನ್ನೂ ಮೀರಿ ಹರಡಿತ್ತು. ಕ್ಯಾಲ್ಸಿಯಂ ಗ್ಲುಕೊನೇಟ್ ರಕ್ತನಾಳಕ್ಕೆ ನಿಧಾನವಾಗಿ ಕೊಡ್ತಾ ಇದ್ದ ಹಾಗೇ, ಪರದೆ ಮೇಲೆ ಆ ಅಗಲದ ಗುಡ್ಡಗಳು ಕಿರಿದಾಗ್ತಾ ಬಂದ್ವು. ಆಮೇಲೆ ಒಂದು ಸಣ್ಣ ಉಬ್ಬು ಕ್ಯೂಆರ್‌ಎಸ್ ಮುಂದೆ ಕಾಣಿಸ್ಕೊಂಡಿತು, ಪಿ ಅಲೆ. ಆಗ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ ಮೊದಲಿನಷ್ಟೇ ಇತ್ತು.

ಕಡೇ_ಬೆಂಚು:
ಮೇಡಂ, ಪೊಟ್ಯಾಸಿಯಂ ಇಳಿಯದೇನೇ ಇಸಿಜಿ ಹೇಗೆ ಸರಿಹೋಯ್ತು?

ರಾತ್ರಿ_ಪಾಳಿ:
ಕ್ಯಾಲ್ಸಿಯಂ ಪೊಟ್ಯಾಸಿಯಂನ ಕಡಿಮೆ ಮಾಡಲ್ಲ. ಹೊಸ್ತಿಲನ್ನೂ ಮೇಲಕ್ಕೆ ಸರಿಸಿ ಮೊದಲಿದ್ದ ಅಂತರವನ್ನ ವಾಪಸ್ ತರುತ್ತೆ ಅನ್ನೋದು ಹಳೇ ವಿವರಣೆ. ಸೋಡಿಯಂ ಚಾನೆಲ್ ಸೋತ ಕಡೆ ಕ್ಯಾಲ್ಸಿಯಂ ಚಾನೆಲ್‌ಗಳ ಮೂಲಕ ಸಂಕೇತ ದಾಟೋಕೆ ನೆರವಾಗುತ್ತೆ ಅನ್ನೋ ವಿವರಣೆಗೂ ಈಗ ಬಲ ಬಂದಿದೆ. ಯಾವುದಾದರೂ ಸರಿ, ಪರಿಣಾಮ ಅರ್ಧದಿಂದ ಒಂದು ಗಂಟೆ. ಆ ಗಡುವಿನೊಳಗೆ ಇನ್ಸುಲಿನ್ ಜೊತೆ ಗ್ಲೂಕೋಸ್, ಸಾಲ್ಬುಟಮಾಲ್ ಕೊಟ್ಟು ಪೊಟ್ಯಾಸಿಯಂನ ಕೋಶದೊಳಗೆ ತಳ್ಳಬೇಕು. ತಳ್ಳಿದ್ದು ಮತ್ತೆ ಹೊರಬರುತ್ತೆ, ಆದ್ದರಿಂದ ದೇಹದಿಂದ ಆಚೆ ಹಾಕೋ ದಾರಿ ಬೇಕು: ಮೂತ್ರ, ಇಲ್ಲವೇ ಡಯಾಲಿಸಿಸ್.

ಇನ್ನು ನಿಮ್ಮ ಅಪ್ಪನ ವಿಷಯ. 6.4ಕ್ಕೆ ನಾಡಿ 36 ಅನ್ನೋದು ನನಗೆ ಹೊಂದಿಕೆ ಆಗ್ತಿಲ್ಲ. ಬಿಪಿಗೋ ಹೃದಯಕ್ಕೋ ಮಾತ್ರೆ ತಗೊಳ್ತಿದ್ರಾ?

ಕಡೇ_ಬೆಂಚು:
ಹೌದು ಮೇಡಂ. ಮೆಟೊಪ್ರೊಲಾಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್. ಅದಕ್ಕೆ ಮುಂಚೆ ವಾಂತಿ ಭೇದಿ ಆಗಿ ನಿತ್ರಾಣ ಆಗಿದ್ರು. ಕಿಡ್ನಿ ಕೆಲಸ ತೋರಿಸೋ ಕ್ರಿಯಾಟಿನಿನ್ ಕೂಡ ಏರಿತ್ತು.

ರಾತ್ರಿ_ಪಾಳಿ:
ಹಾಗನ್ನಿ ಮತ್ತೆ. ಇದು ನಾವು ಪದೇಪದೇ ನೋಡೋ ಸುಳಿ. ನೀರು ಕಮ್ಮಿಯಾಗಿ ಕಿಡ್ನಿ ಸೊರಗಿತು. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂನ ಹಿಡಿದಿಟ್ಟುಕೊಳ್ಳೋ ಮಾತ್ರೆಗಳು, ಕಿಡ್ನಿ ಸೊರಗಿದಾಗ ಅದು ಇನ್ನೂ ಏರಿತು. ಮೆಟೊಪ್ರೊಲಾಲ್ ಮೊದಲೇ ನೋಡ್‌ನ ಏರಿಕೆಯನ್ನ ಮಂದ ಮಾಡಿತ್ತು, ಎವಿ ನೋಡ್‌ನೂ ತಡೆದಿತ್ತು. ಅದರ ಮೇಲೆ ಪೊಟ್ಯಾಸಿಯಂ ಕೂತಿತು. ಬಡಿತ ಇಳಿದಾಗ ಕಿಡ್ನಿಗೆ ರಕ್ತ ಇನ್ನೂ ಕಮ್ಮಿ, ಪೊಟ್ಯಾಸಿಯಂ ಇನ್ನೂ ಜಾಸ್ತಿ. ಬ್ರ್ಯಾಶ್ ಸಿಂಡ್ರೋಮ್ ಅಂತ ಕರೀತಾರೆ. ಒಂದೊಂದನ್ನೇ ಬಿಡಿಯಾಗಿ ನೋಡಿದ್ರೆ ಯಾವುದೂ ಅಷ್ಟು ಜೋರಿಲ್ಲ: ಮಾತ್ರೆಯ ಪ್ರಮಾಣ ಮಾಮೂಲಿ, ಪೊಟ್ಯಾಸಿಯಂ ಮಧ್ಯಮ. ಸೇರಿದಾಗ ನಾಡಿ 30ರ ಆಸುಪಾಸಿಗೆ ಬೀಳುತ್ತೆ. ಮೆಟೊಪ್ರೊಲಾಲ್ ಬದಲು ಅದೇ ಗುಂಪಿನ ಅಟೆನೊಲಾಲ್ ಆಗಿದ್ರೆ ಇನ್ನೂ ಕಷ್ಟ, ಅದು ಕಿಡ್ನಿ ಮೂಲಕವೇ ಹೊರಹೋಗಬೇಕು. ಹೃದಯ ನಿಧಾನ ಮಾಡೋ ಬೇರೆ ಮಾತ್ರೆಗಳಾದ ವೆರಾಪಮಿಲ್, ಡಿಲ್ಟಿಯಾಜೆಮ್ ಕೂಡ ಇದೇ ಜಾತಿಯ ತೊಂದರೆ ಕೊಡಬಲ್ಲವು.

ಲೆಕ್ಕಾಚಾರ:
ಅಂದ್ರೆ "ಪೊಟ್ಯಾಸಿಯಂ ಜಾಸ್ತಿಯಾಗಿ ನಿಧಾನ ಆಯ್ತು" ಅನ್ನೋದು ಅರ್ಧ ಮಾತ್ರ ನಿಜ.

ರಾತ್ರಿ_ಪಾಳಿ:
ಗಾಬರಿಯಲ್ಲಿರೋ ಮನೆಯವರಿಗೆ ಬಾಗಿಲಲ್ಲಿ ನಿಂತು ಹೇಳೋಕೆ ಅಷ್ಟು ಸಾಕು.

ರಕ್ತ_ಶೋಧಕ:
ಡಯಾಲಿಸಿಸ್ ತಂತ್ರಜ್ಞ. ಮೇಡಂ ಹೇಳಿದ ಇಸಿಜಿ ಕ್ರಮ ಪುಸ್ತಕದ ಕ್ರಮ. ಮೊದಲು ಟಿ ಅಲೆ ಚೂಪು, ಆಮೇಲೆ ಪಿ ಮಾಯ, ಆಮೇಲೆ ಕ್ಯೂಆರ್‌ಎಸ್ ಅಗಲ ಅಂತ. ನಮ್ಮ ರೋಗಿಗಳು ಆ ಪುಸ್ತಕ ಓದಿಲ್ಲ. 7 ದಾಟಿದವರ ಇಸಿಜಿ ಹೆಚ್ಚುಕಮ್ಮಿ ಮಾಮೂಲಾಗಿ ಕಂಡಿದ್ದೂ ಉಂಟು. ಎಷ್ಟು ಏರಿದೆ ಅನ್ನೋದರಷ್ಟೇ ಎಷ್ಟು ಬೇಗ ಏರಿತು ಅನ್ನೋದೂ ಮುಖ್ಯ, ಜೊತೆಗೆ ಕ್ಯಾಲ್ಸಿಯಂ ಎಷ್ಟಿದೆ, ರಕ್ತ ಎಷ್ಟು ಆಮ್ಲೀಯ ಅನ್ನೋದೂ ಸೇರುತ್ತೆ. ಇಸಿಜಿ ಚೆನ್ನಾಗಿದೆ ಅಂತ ಪೊಟ್ಯಾಸಿಯಂ ಚೆನ್ನಾಗಿದೆ ಅಂದ್ಕೋಬಾರದು.

ವಾರದಲ್ಲಿ ಮೂರು ಸಲ ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಎರಡು ದಿನದ ಬಿಡುವು ಬರುತ್ತಲ್ಲ, ಅದರ ಕೊನೇ ಹೊತ್ತು ಅಪಾಯದ್ದು ಅಂತ ಗೊತ್ತಾಗಿದೆ. ಹಾಗಂತ ಯಂತ್ರದಲ್ಲಿ ಪೊಟ್ಯಾಸಿಯಂನ ಸರಸರ ಎಳೆದು ಹಾಕೋದೂ ಒಳ್ಳೇದಲ್ಲ, ಆಗ ಬೇರೆ ಥರದ ಲಯದ ತೊಂದರೆ ಶುರು.

ಹಳೇ_ಪೇಷಂಟ್:
ಕಡಿಮೆಯಾದರೆ ಏನಾಗುತ್ತದೆ ಅಂತಲೂ ಯಾರಾದರೂ ಹೇಳಿ. ನನಗೆ ನೀರು ಇಳಿಸುವ ಮಾತ್ರೆಯಿಂದ 2.8ಕ್ಕೆ ಇಳಿದಿತ್ತು. ಎದೆ ಆಗಾಗ ಒಂದು ಬಡಿತ ತಪ್ಪಿಸಿ ದಡಕ್ಕನೆ ಗುದ್ದಿದ ಹಾಗೆ ಆಗುತ್ತಿತ್ತು.

ಪಾಠದ_ಮೇಷ್ಟ್ರು:
ಇಲ್ಲಿಯೂ ತೊಂದರೆಯ ಮೂಲ ಹೆಚ್ಚಾಗಿ ನೋಡ್ ಅಲ್ಲ. ಲೆಕ್ಕದ ಪ್ರಕಾರ ಹೊರಗಿನ ಪೊಟ್ಯಾಸಿಯಂ ಇಳಿದರೆ ಕೋಶ ಇನ್ನಷ್ಟು ಮೈನಸ್ ಆಗಿ ಶಾಂತವಾಗಬೇಕು. ಆದರೆ ಐಕೆ1ಗೆ ಒಂದು ವಿಚಿತ್ರ ಗುಣ: ಹೊರಗೆ ಪೊಟ್ಯಾಸಿಯಂ ಕಡಿಮೆಯಾದಷ್ಟೂ ಆ ಚಾನೆಲ್ ಕಡಿಮೆ ಹರಿಯಬಿಡುತ್ತದೆ. ಹಿಡಿದು ಕೂರಿಸುವ ಕೈ ಸಡಿಲವಾಯಿತು. ಹೃತ್ಕುಕ್ಷಿಯೊಳಗೆ ಸಂಕೇತ ಹರಡುವ ಪರ್ಕಿಂಜಿ ನಾರುಗಳಿಗೆ ತಾವೇ ಮಿಡಿಯುವ ಶಕ್ತಿ ಮೊದಲಿಂದ ಇದೆ. ಸಾಮಾನ್ಯ ದಿನಗಳಲ್ಲಿ ನೋಡ್‌ನ ವೇಗದ ಮುಂದೆ ಅದು ತಲೆ ಎತ್ತುವುದಿಲ್ಲ. ಹಿಡಿತ ಸಡಿಲವಾದಾಗ ಎತ್ತುತ್ತದೆ. ನೀವು ಹೇಳಿದ ಗುದ್ದು ಬಹುಶಃ ಅಂಥ ಅಕಾಲಿಕ ಬಡಿತದ ನಂತರದ, ರಕ್ತ ಹೆಚ್ಚು ತುಂಬಿಕೊಂಡ ಬಡಿತ.

ಜೊತೆಗೆ ಐಕೆಆರ್ ಕುಗ್ಗಿ ಪ್ರತಿ ಬಡಿತದ ಚೇತರಿಕೆ ತಡವಾಗುತ್ತದೆ: ಟಿ ಚಪ್ಪಟೆ, ಅದರ ಹಿಂದೆ ಯು ಅಲೆ, ಉದ್ದವಾದ ಕ್ಯೂಟಿ (ಬಡಿತದ ಶುರುವಿನಿಂದ ಚೇತರಿಕೆಯವರೆಗಿನ ಅಂತರ), ವಿಕೋಪಕ್ಕೆ ಹೋದರೆ ಟೋರ್ಸಾಡ್ ಎಂಬ ಅಪಾಯದ ವೇಗದ ಲಯ. ಹೃದಯದ ಮಾತ್ರೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇನ್ನೂ ಎಚ್ಚರಿಕೆ ಬೇಕು, ಏಕೆಂದರೆ ಕೋಶದ ಸೋಡಿಯಂ ಪೊಟ್ಯಾಸಿಯಂ ಪಂಪಿನ ಮೇಲೆ ಡಿಗಾಕ್ಸಿನ್ ಹಿಡಿದುಕೊಳ್ಳುವುದಕ್ಕೆ ಪೊಟ್ಯಾಸಿಯಂ ಅಡ್ಡ ಬರುತ್ತದೆ. ಅಡ್ಡ ಬರುವವರು ಕಡಿಮೆಯಾದರೆ ಅದೇ ಮಾತ್ರೆ ವಿಷವಾಗಬಲ್ಲದು.

ರಾತ್ರಿ_ಪಾಳಿ:
ಮೆಗ್ನೀಸಿಯಂ ನೋಡಿಸಿದ್ರಾ? ಅದು ಕಮ್ಮಿ ಇದ್ರೆ ಕಿಡ್ನಿ ಪೊಟ್ಯಾಸಿಯಂನ ಸೋರಿಸ್ತಾನೇ ಇರುತ್ತೆ, ಎಷ್ಟು ಕೊಟ್ಟರೂ ನಿಲ್ಲಲ್ಲ.

ಹಳೇ_ಪೇಷಂಟ್:
ಅದೂ ಕಡಿಮೆಯೇ ಇತ್ತು ಮೇಡಂ, ಎರಡೂ ಕೊಟ್ಟ ಮೇಲೆ ಸರಿಹೋಯಿತು. ಇನ್ನೊಂದು ಸಂಶಯ. ಈಗ ನನಗೆ ಯಂತ್ರದ ಪೇಸ್‌ಮೇಕರ್ ಹಾಕಿದ್ದಾರೆ. ಇನ್ನು ಪೊಟ್ಯಾಸಿಯಂ ಏರಿದರೂ ಬಡಿತ ನಿಲ್ಲುವ ಭಯ ಇಲ್ಲ ಅಲ್ಲವೇ?

ರಾತ್ರಿ_ಪಾಳಿ:
ಇದೆ. ಯಂತ್ರ ಕೊಡೋದೂ ಒಂದು ಸಂಕೇತ ಅಷ್ಟೆ, ಅದಕ್ಕೆ ಸ್ನಾಯು ಓಗೊಡಬೇಕು. ಪೊಟ್ಯಾಸಿಯಂ ತುಂಬಾ ಏರಿದಾಗ ಸ್ನಾಯುವನ್ನ ಎಬ್ಬಿಸೋಕೆ ಬೇಕಾದ ವಿದ್ಯುತ್ ಮಟ್ಟ ಏರುತ್ತೆ, ಯಂತ್ರದ ಗೆರೆ ಇಸಿಜಿಯಲ್ಲಿ ಕಾಣುತ್ತೆ, ಅದರ ಹಿಂದೆ ಬಡಿತ ಬರಲ್ಲ. ಇಲ್ಲೂ ಹೃತ್ಕರ್ಣದ ತಂತಿ ಮೊದಲು ಸೋಲುತ್ತೆ. ಹುಟ್ಟಿನಿಂದ ಬಂದ ಪೇಸ್‌ಮೇಕರ್ ಪಾಡೇ ಇದರದ್ದೂ.

ಲೆಕ್ಕಾಚಾರ:
ಹೃದಯವನ್ನ ನಿಲ್ಲಿಸೋಕೇ ಪೊಟ್ಯಾಸಿಯಂ ಬಳಸ್ತಾರಂತಲ್ಲ, ಶಸ್ತ್ರಚಿಕಿತ್ಸೆಯಲ್ಲಿ?

ಪಾಠದ_ಮೇಷ್ಟ್ರು:
ಹೌದು. 1955ರಲ್ಲಿ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟ್ ಬಳಸಿ ಹೃದಯವನ್ನು ಬೇಕೆಂದಾಗ ನಿಲ್ಲಿಸಿ ಮತ್ತೆ ಶುರುಮಾಡುವ ವಿಧಾನ ಪ್ರಕಟಿಸಿದರು. ಆಗಿನ ಸಾಂದ್ರತೆ ವಿಪರೀತವಾಗಿ ಸ್ನಾಯುವಿಗೆ ಹಾನಿಯಾಗಿ ಸ್ವಲ್ಪ ಕಾಲ ಮೂಲೆ ಸೇರಿತು. ಆಮೇಲೆ ಬಂದ ಸೇಂಟ್ ಥಾಮಸ್ ದ್ರಾವಣದಲ್ಲಿ ಲೀಟರಿಗೆ 16 ಮಿಲಿಮೋಲ್. ಕಡೇ ಬೆಂಚಿನವರ ಸಮೀಕರಣಕ್ಕೆ 16 ಹಾಕಿದರೆ ಮೈನಸ್ 58 ಬರುತ್ತದೆ. ಅಲ್ಲಿ ಸೋಡಿಯಂ ಚಾನೆಲ್‌ಗಳ ಎರಡನೇ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಬಂದ್, ಹೃದಯ ಸಡಿಲಗೊಂಡು ನಿಲ್ಲುತ್ತದೆ.

ಹಳೆಯ ಸಂಗತಿ ಎತ್ತಿದ್ದರಿಂದ ಇನ್ನೊಂದು ಸೇರಿಸುತ್ತೇನೆ, ವಿಷಯಾಂತರ ಎನಿಸಿದರೆ ಮುಂದೆ ಹೋಗಿ. 1880ರ ದಶಕದಲ್ಲಿ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಮಿಡಿಸುತ್ತಿದ್ದಾಗ, ದ್ರಾವಣಕ್ಕೆ ಬಟ್ಟಿಯಿಳಿಸಿದ ನೀರಿನ ಬದಲು ಲಂಡನ್ನಿನ ನಲ್ಲಿ ನೀರು ಬಳಕೆಯಾಗಿಬಿಟ್ಟಿತ್ತು. ಶುದ್ಧ ನೀರಿನಲ್ಲಿ ಹೃದಯ ಸೋತಾಗಲೇ ನಲ್ಲಿ ನೀರಿನ ಕ್ಯಾಲ್ಸಿಯಂ ಕೆಲಸ ಮಾಡುತ್ತಿತ್ತೆಂದು ತಿಳಿದದ್ದು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ನಿಲ್ಲುತ್ತದೆ, ಇಲ್ಲದಿದ್ದರೂ ನಡೆಯದು, ಕ್ಯಾಲ್ಸಿಯಂ ಜೊತೆ ಅದರ ತೂಕ ಸರಿಯಿರಬೇಕು ಎನ್ನುವುದೂ ಆ ಕೆಲಸದಿಂದಲೇ ಬಂತು. ರಾತ್ರಿ ಪಾಳಿಯವರು ಕೊಟ್ಟ ಕ್ಯಾಲ್ಸಿಯಂ ಚುಚ್ಚುಮದ್ದಿನ ಬೇರು ಅಲ್ಲಿದೆ.

ಇನ್ನೂ ಒಂದು: 1908ರಲ್ಲಿ ವಿಲಿಯಂ ಹೋವೆಲ್, ವೇಗಸ್ ನರವನ್ನು ಕೆರಳಿಸಿದಾಗ ಹೃದಯದಿಂದ ಪೊಟ್ಯಾಸಿಯಂ ಹೊರಬರುವುದನ್ನು ಅಳೆದು, ನರ ಹೃದಯವನ್ನು ನಿಧಾನಗೊಳಿಸುವುದೇ ಹೀಗೆ ಎಂದು ವಾದಿಸಿದರು. 1921ರಲ್ಲಿ ಆಟೊ ಲೋವಿ ಅದು ಬೇರೊಂದು ವಸ್ತು ಎಂದು ತೋರಿಸಿದರು, ಅದೇ ಅಸಿಟೈಲ್‌ಕೋಲೀನ್. ಹೋವೆಲ್ ವಾದ ಹಿಂದೆ ಸರಿಯಿತು. ತಮಾಷೆಯೆಂದರೆ ಆ ಅಸಿಟೈಲ್‌ಕೋಲೀನ್ ನೋಡ್‌ನಲ್ಲಿ ಮಾಡುವ ಒಂದು ಮುಖ್ಯ ಕೆಲಸ ಪೊಟ್ಯಾಸಿಯಂ ಚಾನೆಲ್ ತೆರೆದು ಪೊಟ್ಯಾಸಿಯಂ ಹೊರಬಿಡುವುದು. ಹೋವೆಲ್ ಅವರ ಅಳತೆಗೆ ಏನೂ ಕುಂದಿರಲಿಲ್ಲ.

ಕಡೇ_ಬೆಂಚು:
ಮೇಷ್ಟ್ರೇ, ಹಾಗಾದ್ರೆ ಪೊಟ್ಯಾಸಿಯಂ ಚಾನೆಲ್ ತೆರೆದ್ರೆ ನೋಡ್ ನಿಧಾನ ಆಗುತ್ತೆ, ಹೊರಗೆ ಪೊಟ್ಯಾಸಿಯಂ ಸುರಿದ್ರೆ ನೋಡ್ ಅಷ್ಟಾಗಿ ಅಲುಗಲ್ಲ. ಇವೆರಡೂ ಬೇರೆ ಬೇರೆ ಅಂತ ಈಗ ಗೊತ್ತಾಯ್ತು. ನಾನು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಓದ್ತಿದ್ದೆ.

ಪಾಠದ_ಮೇಷ್ಟ್ರು:
ಪರೀಕ್ಷೆಯಲ್ಲಿ ಇದನ್ನೇ ಬರೆಯಿರಿ. ಮೊದಲು ಯಾವ ಕೋಶ ಎಂದು ಬರೆದು ಆಮೇಲೆ ಸಮೀಕರಣಕ್ಕೆ ಹೋಗಿ.

ನಿರ್ವಾಹಕ:
ಚರ್ಚೆ ಚೆನ್ನಾಗಿದೆ. ಓದಿದವರು ಯಾರೂ ತಾವಾಗಿ ಮಾತ್ರೆ ನಿಲ್ಲಿಸುವುದು, ಶುರುಮಾಡುವುದು ಬೇಡ. ಔಷಧದ ಪ್ರಮಾಣ ಕೇಳಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಕಡೇ_ಬೆಂಚು:
ಅಪ್ಪನ ಡಿಸ್ಚಾರ್ಜ್ ಹಾಳೆ ಈಗ ತೆಗೆದು ನೋಡಿದೆ. ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಸದ್ಯಕ್ಕೆ ನಿಲ್ಲಿಸಿದ್ದಾರೆ, ರಾಮಿಪ್ರಿಲ್ ಬಗ್ಗೆ "ಮರುಪರೀಕ್ಷೆ ನಂತರ" ಅಂತ ಬರೆದಿದ್ದಾರೆ. ಸೋಮವಾರ ಮತ್ತೆ ರಕ್ತ ಕೊಡಬೇಕು.

ರಕ್ತ_ಶೋಧಕ:
ಒಂದು ಸಣ್ಣ ವಿಷಯ. ರಕ್ತ ತೆಗೆಯುವಾಗ ಅಪ್ಪನಿಗೆ ಮುಷ್ಟಿ ಬಿಗಿದು ಬಿಟ್ಟು ಮಾಡಬೇಡಿ ಅಂತ ಹೇಳಿ, ತೋಳಿಗೆ ಕಟ್ಟಿದ ಪಟ್ಟಿ ಬಹಳ ಹೊತ್ತು ಇರೋದೂ ಬೇಡ. ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬಂದು ಸುಳ್ಳು ಏರಿಕೆ ತೋರಿಸುತ್ತೆ. ಕೊಳವೆಯಲ್ಲಿ ಕೆಂಪು ಕಣಗಳು ಒಡೆದರೂ ಅಷ್ಟೇ, ಮೇಲಿನ ತಿಳಿ ಹಳದಿ ದ್ರವ ಗುಲಾಬಿಗೆ ತಿರುಗಿರುತ್ತೆ. ವರದಿಯಲ್ಲಿ "ಹೀಮೊಲೈಸ್ಡ್" ಅಂತ ಬರೆದಿದ್ರೆ ಆ ಅಂಕಿ ನಂಬದೆ ಇನ್ನೊಂದು ಸ್ಯಾಂಪಲ್ ಕೇಳಿ.

ರಾತ್ರಿ_ಪಾಳಿ:
ಜೊತೆಗೇ ಕ್ರಿಯಾಟಿನಿನ್ ಕೂಡ ಮಾಡಿಸಿ, ಒಂದು ಇಸಿಜಿ ತೆಗೆಸಿ. ಅವತ್ತಿನ ಹಳೇ ಇಸಿಜಿನೂ ಮರೀದೆ ತಗೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡೋಕೆ ಡಾಕ್ಟರಿಗೆ ಬೇಕಾಗುತ್ತೆ.